ರಾಕೆಟ್ ಫೋಟೊ ತೆಗೆಯಬೇಕಾ? ಮೊದಲು ನಿಲ್ಲುವ ಜಾಗ, ಆಮೇಲೆ ಕ್ಯಾಮೆರಾ

ಶ್ರೀಹರಿಕೋಟಾದಲ್ಲಿ ರಾಕೆಟ್ ಹಾರುವ ವಾರ ಬಂತೆಂದರೆ ಗೆಳೆಯರು ಕೇಳುವುದು ಒಂದೇ ಬಗೆಯ ಪ್ರಶ್ನೆ. ಯಾವ ಲೆನ್ಸ್ ತಗೊಂಡು ಹೋಗಲಿ? ಫೋನಲ್ಲೇ ಆಗುತ್ತಾ? ಹೊಸ ಕ್ಯಾಮೆರಾ ಬೇಕಾ? ನಾನು ಎಲ್ಲರಿಗೂ ತಿರುಗಿ ಕೇಳುವುದು ಒಂದೇ: ಎಲ್ಲಿ ನಿಲ್ಲುತ್ತೀರಿ? ರಾಕೆಟ್ ಫೋಟೊದಲ್ಲಿ ಮುಕ್ಕಾಲು ಕೆಲಸ ಅಲ್ಲೇ ಮುಗಿದಿರುತ್ತದೆ. ಬೆಳಕು ಎಲ್ಲಿಂದ ಬೀಳುತ್ತದೆ, ರಾಕೆಟ್ ಎಷ್ಟು ದೊಡ್ಡದಾಗಿ ಕಾಣುತ್ತದೆ, ನಿಮ್ಮ ಬೆನ್ನ ಹಿಂದೆ ಪೊಲೀಸರು ಬರುತ್ತಾರೋ ಇಲ್ಲವೋ, ಎಲ್ಲವನ್ನೂ ನೀವು ನಿಂತ ಜಾಗವೇ ತೀರ್ಮಾನಿಸುತ್ತದೆ.

ಬೆಂಗಳೂರಿನಿಂದ ಹೋಗಿ ಬರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಸೇನೆಯ ಜಾಗಗಳ ಬಗ್ಗೆಯೂ ಒಂದಿಷ್ಟು ಹೇಳಲೇಬೇಕು. ರಾಕೆಟ್ ಹುಚ್ಚು ಹಿಡಿದವರಿಗೆ ವಿಮಾನ, ಯುದ್ಧನೌಕೆಗಳ ಹುಚ್ಚೂ ಇರುತ್ತದೆ. ತೊಂದರೆ ಶುರುವಾಗುವುದೂ ಹೆಚ್ಚಾಗಿ ಅಲ್ಲೇ.

ಮೊದಲ ಹೆಜ್ಜೆ: ಪಾಸ್ ಮಾಡಿಸಿಕೊಳ್ಳಿ, ರಜೆ ಜಾಸ್ತಿ ಹಾಕಿ

ಸತೀಶ್ ಧವನ್ ಬಾಹ್ಯಾಕಾಶ ಕೇಂದ್ರ ಇರುವುದು ಆಂಧ್ರದ ತಿರುಪತಿ ಜಿಲ್ಲೆಯಲ್ಲಿ. ಒಂದು ಕಡೆ ಬಂಗಾಳ ಕೊಲ್ಲಿ, ಇನ್ನೊಂದು ಕಡೆ ಪುಲಿಕಾಟ್ ಸರೋವರ, ನಡುವೆ ಶ್ರೀಹರಿಕೋಟಾ ದ್ವೀಪ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಧವನ್ ಅವರ ಹೆಸರನ್ನು 2002ರಲ್ಲಿ ಈ ಕೇಂದ್ರಕ್ಕೆ ಇಟ್ಟರು. ಇಲ್ಲಿಂದ ಮೊದಲ ಸಣ್ಣ ರಾಕೆಟ್ ಹಾರಿದ್ದು 1971ರ ಅಕ್ಟೋಬರಿನಲ್ಲಿ.

ಮೊದಲೆಲ್ಲ ಸಾಮಾನ್ಯ ಜನ ದೂರದ ಊರುಗಳಿಂದ ನೋಡಬೇಕಿತ್ತು. 2019ರ ಮಾರ್ಚ್ 31ರಂದು ಜನರಿಗಾಗಿಯೇ ವೀಕ್ಷಣಾ ಗ್ಯಾಲರಿ ತೆರೆಯಿತು. ಮರುದಿನವೇ, ಏಪ್ರಿಲ್ 1ರಂದು, ಪಿಎಸ್‌ಎಲ್‌ವಿ-ಸಿ45 ರಾಕೆಟ್ ಹಾರುವುದನ್ನು ಜನ ಅಲ್ಲಿ ಕುಳಿತು ನೋಡಿದರು. ಸ್ಟೇಡಿಯಂ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಜಾಗ, ದೊಡ್ಡ ಪರದೆಗಳೂ ಇವೆ. ಪ್ರವೇಶಕ್ಕೆ ದುಡ್ಡಿಲ್ಲ. ಆದರೆ ಇಸ್ರೊ ವೆಬ್‌ಸೈಟಿನಲ್ಲಿ ಮೊದಲೇ ನೋಂದಣಿ ಮಾಡಿಸಬೇಕು. ಉಡಾವಣೆಗೆ ಕೆಲವು ದಿನ ಇರುವಾಗ ನೋಂದಣಿ ತೆರೆಯುತ್ತದೆ, ದೊಡ್ಡ ಮಿಷನ್ ಆದರೆ ಬೇಗನೆ ತುಂಬಿಹೋಗುತ್ತದೆ. ಪಾಸಿನಲ್ಲಿರುವ ಹೆಸರು ನಿಮ್ಮ ಗುರುತಿನ ಚೀಟಿಯಲ್ಲಿರುವ ಹಾಗೇ ಇರಲಿ. ಏನು ತರಬಹುದು, ಏನು ತರಬಾರದು ಎಂದು ಪಾಸಿನ ಜೊತೆಗೇ ಸೂಚನೆ ಇರುತ್ತದೆ. ಅದನ್ನು ಒಂದಕ್ಷರ ಬಿಡದೆ ಓದಿ. ಹೋದ ಸಲ ಬಿಟ್ಟಿದ್ದರು, ಈ ಸಲವೂ ಬಿಡುತ್ತಾರೆ ಎಂದು ನಂಬಿ ದೊಡ್ಡ ಬ್ಯಾಗ್ ಹೊತ್ತು ಹೋಗಬೇಡಿ.

ಇನ್ನು ದಿನಾಂಕ. ರಾಕೆಟ್ ಹೇಳಿದ ದಿನಕ್ಕೆ, ಹೇಳಿದ ಗಂಟೆಗೆ ಹಾರಬೇಕೆಂದೇನಿಲ್ಲ. ಚಂದ್ರಯಾನ-2 ಹಾರಬೇಕಿದ್ದದ್ದು 2019ರ ಜುಲೈ 15ರ ಬೆಳಗಿನ ಜಾವ 2:51ಕ್ಕೆ. ಇನ್ನು 56 ನಿಮಿಷ ಚಿಲ್ಲರೆ ಇದೆ ಅನ್ನುವಾಗ ಕೌಂಟ್‌ಡೌನ್ ನಿಲ್ಲಿಸಿದರು. ಕೊನೆಗೆ ಹಾರಿದ್ದು ಜುಲೈ 22ರ ಮಧ್ಯಾಹ್ನ. ರಾತ್ರಿ ಫೋಟೊಗೆ ತಯಾರಾಗಿ ಹೋಗಿದ್ದವರಿಗೆ ಉಡಾವಣೆಯೇ ಹಗಲಿಗೆ ಬಂತು. 2023ರ ಅಕ್ಟೋಬರ್ 21ರಂದು ಗಗನಯಾನದ ಪರೀಕ್ಷಾ ವಾಹನ ಟಿವಿ-ಡಿ1 ಇನ್ನು 5 ಸೆಕೆಂಡಿಗೆ ಹೊರಡಬೇಕು, ಅಷ್ಟರಲ್ಲಿ ಕಂಪ್ಯೂಟರ್ ತಡೆಯಿತು. ಆದರೆ ದೋಷ ಹುಡುಕಿ ಸರಿಮಾಡಿ ಅದೇ ದಿನ 10 ಗಂಟೆಗೆ ಹಾರಿಸಿಯೂ ಬಿಟ್ಟರು. ಅದಕ್ಕೇ ಹೇಳುವುದು, ರಜೆಯನ್ನು ಒಂದು ದಿನ ಜಾಸ್ತಿಯೇ ಹಾಕಿ. ಕೌಂಟ್‌ಡೌನ್ ನಿಂತಿತೆಂದು ಕ್ಯಾಮೆರಾವನ್ನು ಬ್ಯಾಗಿಗೆ ತುಂಬಬೇಡಿ. ಇಂದು ಇಲ್ಲ ಎಂದು ಬಾಯಿಬಿಟ್ಟು ಹೇಳುವ ತನಕ ಕೂತಿರಿ.

ಹೋಗುವುದು ಕಷ್ಟವೇನಲ್ಲ. ಹತ್ತಿರದ ಪೇಟೆ ಸೂಳ್ಳೂರುಪೇಟೆ. ಚೆನ್ನೈನಿಂದ ಉತ್ತರಕ್ಕೆ ಸುಮಾರು 80 ಕಿ.ಮೀ., ಲೋಕಲ್ ರೈಲೇ ಸಿಗುತ್ತದೆ. ಬೆಂಗಳೂರಿನಿಂದ ಕಾರಿನಲ್ಲಾದರೆ ಚಿತ್ತೂರು, ತಿರುಪತಿ, ಶ್ರೀಕಾಳಹಸ್ತಿ ದಾರಿ ಹಿಡಿಯಬಹುದು. ದೊಡ್ಡ ಉಡಾವಣೆ ಇದ್ದಾಗ ಸೂಳ್ಳೂರುಪೇಟೆಯಲ್ಲಿ ರೂಮು ಸಿಗುವುದು ಕಷ್ಟ, ತಿರುಪತಿಯಲ್ಲೋ ಚೆನ್ನೈಯಲ್ಲೋ ಉಳಿದುಕೊಳ್ಳಿ. ಸಮಯ ಇದ್ದರೆ ಸೂಳ್ಳೂರುಪೇಟೆಯ ಚೆಂಗಾಳಮ್ಮನ ಗುಡಿಗೆ ಹೋಗಿ ಬನ್ನಿ. ಉಡಾವಣೆಗೆ ಮುಂಚೆ ಇಸ್ರೊ ಅಧ್ಯಕ್ಷರೇ ಬಂದು ಕೈಮುಗಿಯುವ ಗುಡಿ ಅದು. ಚಂದ್ರಯಾನ-3ರ ಹಿಂದಿನ ದಿನ ಆಗಿನ ಅಧ್ಯಕ್ಷ ಸೋಮನಾಥ್ ಬಂದಿದ್ದರು.

ಎರಡನೆಯದು: ಸೂರ್ಯ ಎಲ್ಲಿದ್ದಾನೆ ನೋಡಿ

ಲಾಂಚ್ ಪ್ಯಾಡ್‌ಗಳು ಇರುವುದು ದ್ವೀಪದ ಸಮುದ್ರದ ಕಡೆ, ಅಂದರೆ ಪೂರ್ವಕ್ಕೆ. ಸೂಳ್ಳೂರುಪೇಟೆ ಕಡೆಯ ನೆಲದಿಂದ ನೋಡುವವರ ಮುಖ ಪೂರ್ವಕ್ಕೇ ಇರುತ್ತದೆ. ಇಷ್ಟು ಗೊತ್ತಾದರೆ ಉಡಾವಣೆಯ ಗಂಟೆ ನೋಡಿಯೇ ಫೋಟೊ ಹೇಗೆ ಬರುತ್ತದೆ ಎಂದು ಹೇಳಬಹುದು.

ಮಧ್ಯಾಹ್ನ ಕಳೆದ ಮೇಲೆ ಹಾರಿದರೆ ನಿಮ್ಮ ಪುಣ್ಯ. ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ, ರಾಕೆಟ್ಟಿನ ಮೈಮೇಲೆ ನೇರ ಬೆಳಕು ಬೀಳುತ್ತದೆ, ಆಕಾಶ ಗಾಢ ನೀಲಿ ಬರುತ್ತದೆ. ಚಂದ್ರಯಾನ-3 (2023ರ ಜುಲೈ 14, ಮಧ್ಯಾಹ್ನ 2:35) ಹಾಗೆ ಸಿಕ್ಕಿದ ಉಡಾವಣೆ. ನಿಸಾರ್ ಉಪಗ್ರಹ ಹೊತ್ತ ಜಿಎಸ್‌ಎಲ್‌ವಿ (2025ರ ಜುಲೈ 30, ಸಂಜೆ 5:40) ಹಾರಿದ್ದು ಸಂಜೆಯ ಓರೆ ಬಿಸಿಲಿನ ಹೊತ್ತಿಗೆ. ಬೆಳಿಗ್ಗೆ ಒಂಬತ್ತು ಗಂಟೆಗೆ ಹಾರಿದರೆ ಸೂರ್ಯ ಎದುರಿಗೇ. ಆಗ ರಾಕೆಟ್ಟಿನ ಬಣ್ಣ, ಬರಹ ಹುಡುಕಬೇಡಿ. ಹೊಗೆಯ ಅಂಚು ಬೆಳ್ಳಿಯ ಹಾಗೆ ಹೊಳೆಯುತ್ತದೆ, ಅದನ್ನು ಹಿಡಿಯಿರಿ. ಲೆನ್ಸಿಗೆ ಹುಡ್ ಹಾಕಲೇಬೇಕು. ಮೋಡ ಇಲ್ಲದೆ ಸೂರ್ಯ ಚೌಕಟ್ಟಿನೊಳಗೇ ಬರುವ ಹಾಗಿದ್ದರೆ ಕಣ್ಣನ್ನು ವ್ಯೂಫೈಂಡರಿಗೆ ಒತ್ತಬೇಡಿ, ಕಣ್ಣೇ ಹೋದೀತು.

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಚೆಂದದ್ದು ಸೂರ್ಯ ಹುಟ್ಟುವ ಮುಂಚಿನ ಅಥವಾ ಮುಳುಗಿದ ಮೇಲಿನ ಅರ್ಧ ಗಂಟೆ. ಶ್ರೀಹರಿಕೋಟಾದ 100ನೇ ಉಡಾವಣೆ, ಜಿಎಸ್‌ಎಲ್‌ವಿ-ಎಫ್15, ಹಾರಿದ್ದು 2025ರ ಜನವರಿ 29ರ ಬೆಳಿಗ್ಗೆ 6:23ಕ್ಕೆ. ಆ ಹೊತ್ತಿನಲ್ಲಿ ನೆಲದ ಮೇಲೆ ಇನ್ನೂ ಬಿಸಿಲು ಬಿದ್ದಿರುವುದಿಲ್ಲ, ಆದರೆ ಮೇಲೆ ಹೋದಂತೆ ರಾಕೆಟ್ ಬಿಸಿಲಿಗೆ ಹೊಕ್ಕುತ್ತದೆ. ಕೆಳಗೆ ನೀಲಿ ಕತ್ತಲು, ಮೇಲೆ ಕಿತ್ತಳೆ ಬಣ್ಣದ ಹೊಗೆ. ಈ ಹೊತ್ತಿನ ಉಡಾವಣೆ ಸಿಕ್ಕರೆ ಏನೇ ಕೆಲಸ ಇದ್ದರೂ ಬಿಟ್ಟು ಹೋಗಿ.

ಇನ್ನೊಂದು ವಿಷಯ, ರಾಕೆಟ್ ಎತ್ತ ಬಾಗುತ್ತದೆ? ಧ್ರುವ ಕಕ್ಷೆಗೆ ಹೋಗುವ ಪಿಎಸ್‌ಎಲ್‌ವಿ ಆಗ್ನೇಯಕ್ಕೆ ಹೊರಟು, ಶ್ರೀಲಂಕಾದ ಮೇಲೆ ಹೋಗದಂತೆ ದಾರಿ ತಿರುಗಿಸಿ ದಕ್ಷಿಣಕ್ಕೆ ಹೋಗುತ್ತದೆ. ಪೂರ್ವಕ್ಕೆ ಮುಖ ಮಾಡಿ ನಿಂತ ನಿಮಗೆ ಅದು ಬಲಕ್ಕೆ ಬಾಗಿದ ಹಾಗೆ ಕಾಣುತ್ತದೆ. ಅದಕ್ಕೆ ಚೌಕಟ್ಟಿನ ಬಲಗಡೆ ಜಾಗ ಬಿಡಿ. ದೂರಸಂಪರ್ಕ ಉಪಗ್ರಹ ಹೊತ್ತ ಜಿಎಸ್‌ಎಲ್‌ವಿ, ಎಲ್‌ವಿಎಂ3 ರಾಕೆಟ್‌ಗಳು ಪೂರ್ವದ ಕಡೆಗೇ, ನಿಮ್ಮಿಂದ ದೂರ ದೂರ ಹೋಗುತ್ತವೆ. ಅವು ಅಷ್ಟಾಗಿ ಪಕ್ಕಕ್ಕೆ ಸರಿಯುವುದಿಲ್ಲ.

ಲೆನ್ಸ್ ಎಷ್ಟು ಉದ್ದ ಬೇಕು: ಒಂದು ಸಣ್ಣ ಲೆಕ್ಕ

ಅಂಗಡಿಯವರನ್ನು ಕೇಳುವ ಬದಲು ಕಾಗದ ಪೆನ್ನು ತೆಗೆದುಕೊಳ್ಳಿ. ರಾಕೆಟ್ಟಿನ ಎತ್ತರವನ್ನು ದೂರದಿಂದ ಭಾಗಿಸಿ, ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಬರೆದಿರುವ ನಾಭಿದೂರದಿಂದ ಗುಣಿಸಿ. ಸೆನ್ಸರಿನ (ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಫಲಕದ) ಮೇಲೆ ಚಿತ್ರ ಎಷ್ಟು ದೊಡ್ಡದು ಎಂದು ಬರುತ್ತದೆ.

ಪಿಎಸ್‌ಎಲ್‌ವಿ 44 ಮೀಟರ್ ಎತ್ತರ. ನೀವು 7 ಕಿ.ಮೀ. ದೂರದಲ್ಲಿದ್ದೀರಿ ಎಂದುಕೊಳ್ಳಿ. 400 ಮಿ.ಮೀ. ಲೆನ್ಸ್ ಹಾಕಿದರೆ ಸೆನ್ಸರಿನ ಮೇಲೆ ರಾಕೆಟ್ ಬರುವುದು ಬರೀ ಎರಡೂವರೆ ಮಿಲಿಮೀಟರ್. ಫುಲ್‌ಫ್ರೇಮ್ ಕ್ಯಾಮೆರಾ ಅಡ್ಡ ಹಿಡಿದರೆ ಚೌಕಟ್ಟಿನ ಎತ್ತರ 24 ಮಿ.ಮೀ. ಅಂದರೆ ಹತ್ತರಲ್ಲೊಂದು ಭಾಗ ರಾಕೆಟ್, ಉಳಿದದ್ದೆಲ್ಲ ಆಕಾಶ. 20 ಕಿ.ಮೀ. ದೂರದ ಸೂಳ್ಳೂರುಪೇಟೆ ಕಡೆಯಿಂದಾದರೆ ಒಂದು ಮಿಲಿಮೀಟರೂ ಬರುವುದಿಲ್ಲ. ಜೊತೆಗೆ ಬಿಸಿಲಿನ ಝಳ, ನೀರಿನ ಆವಿ. ಅಷ್ಟು ದೂರದಲ್ಲಿ ಎಷ್ಟು ದುಬಾರಿ ಲೆನ್ಸ್ ಹಾಕಿದರೂ ಚಿತ್ರ ಅಲುಗಾಡುತ್ತದೆ.

ಈ ಲೆಕ್ಕ ನೋಡಿ ಬೇಸರ ಮಾಡಿಕೊಳ್ಳಬೇಡಿ. ಇದರಿಂದ ಒಂದು ಉಪಕಾರವಿದೆ. ರಾಕೆಟ್ಟಿನ ಮೈಮೇಲಿನ ಧ್ವಜದ ತನಕ ಕಾಣುವ ಚಿತ್ರ ಇಸ್ರೊ ಕ್ಯಾಮೆರಾಗಳ ಪಾಲು. ಅವು ಪ್ಯಾಡಿನ ಹತ್ತಿರವೇ ಇರುತ್ತವೆ. ಅವರು ತೆಗೆಯದ, ತೆಗೆಯಲು ಆಗದ ಚಿತ್ರ ನಿಮ್ಮದು. ಪುಲಿಕಾಟ್ ನೀರು, ಬಲೆ ಒಣಗಿಸುವ ದೋಣಿ, ತಲೆಯೆತ್ತಿ ನಿಂತ ಜನ, ಅವರ ಮೇಲೆ ಒಂದು ಬೆಂಕಿಯ ಗೆರೆ. ದೂರ ಇದ್ದಷ್ಟೂ ಅಗಲ ನೋಟದ ಲೆನ್ಸ್ ಹಾಕಿ, ಊರನ್ನೂ ಸೇರಿಸಿಕೊಳ್ಳಿ. ಚಳಿಗಾಲದಲ್ಲಾದರೆ ಪುಲಿಕಾಟ್‌ನಲ್ಲಿ ಫ್ಲೆಮಿಂಗೊ ಹಕ್ಕಿಗಳೂ ಇರುತ್ತವೆ.

ಹಗಲಿನ ಉಡಾವಣೆಗೆ ಕ್ಯಾಮೆರಾ ಹೀಗೆ

ಘನ ಇಂಧನದಲ್ಲಿ ಅಲ್ಯೂಮಿನಿಯಂ ಪುಡಿ ಬೆರೆಸಿರುತ್ತಾರೆ. ಅದು ಉರಿಯುವಾಗ ಕಣ್ಣು ಕುಕ್ಕುವ ಬಿಳಿ ಬೆಳಕು. ಕ್ಯಾಮೆರಾವನ್ನು ಆಟೊದಲ್ಲಿ ಬಿಟ್ಟರೆ ಅದು ಪ್ಯಾಡ್ ಮೇಲೆ ತೆಪ್ಪಗೆ ನಿಂತ ರಾಕೆಟ್ ನೋಡಿ ಲೆಕ್ಕ ಹಾಕಿಕೊಂಡಿರುತ್ತದೆ. ಬೆಂಕಿ ಹೊತ್ತಿದ ಕೂಡಲೇ ಎಲ್ಲ ಬಿಳಿ. ಆಮೇಲೆ ಗಾಬರಿಬಿದ್ದು ಇಡೀ ಚಿತ್ರವನ್ನೇ ಕತ್ತಲು ಮಾಡುತ್ತದೆ. ಅದಕ್ಕೇ ಎಲ್ಲವನ್ನೂ ಕೈಯಲ್ಲೇ ಇಡಿ. ಶಟರ್ ಸೆಕೆಂಡಿನ 1600ನೇ ಒಂದು ಭಾಗ, ಲೆನ್ಸಿನ ಕಿಂಡಿ ಎಫ್/8, ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ ಐಎಸ್‌ಒ 100 ಅಥವಾ 200, ಇಲ್ಲಿಂದ ಶುರುಮಾಡಿ. ಅರ್ಧ ಗಂಟೆ ಮುಂಚೆ ಆಕಾಶದ ಒಂದು ಚಿತ್ರ ತೆಗೆದು ನೋಡಿ. ಸ್ವಲ್ಪ ಕಪ್ಪಾಗಿ ಬಂದರೆ ಒಳ್ಳೆಯದು. ಕಪ್ಪಾದದ್ದನ್ನು ಆಮೇಲೆ ಎತ್ತಬಹುದು, ಉರಿದು ಬಿಳಿಯಾದದ್ದನ್ನು ಯಾರಿಂದಲೂ ತರಲಾಗದು. ಕ್ಯಾಮೆರಾ ತಾನೇ ತಿದ್ದದ ರಾ ಫೈಲಿನಲ್ಲೇ ತೆಗೆಯಿರಿ.

ಫೋಕಸ್ ಬಗ್ಗೆ ಒಂದು ಮಾತು, ಇದು ನಾನು ಸುಟ್ಟುಕೊಂಡು ಕಲಿತದ್ದು. ನನ್ನ ಮೊದಲ ರಾತ್ರಿ ಉಡಾವಣೆಯಲ್ಲಿ ಆಟೊಫೋಕಸ್ ಬಿಟ್ಟಿದ್ದೆ. ಬೆಂಕಿ ಕಂಡದ್ದೇ ಲೆನ್ಸ್ ಹಿಂದೆ ಮುಂದೆ ಹುಡುಕತೊಡಗಿತು. ಜೀವ ಹೋದ ಹಾಗಾಯಿತು. ನಾಲ್ಕು ಸೆಕೆಂಡು ಕಳೆದು ಕ್ಲಿಕ್ ಆಗುವಾಗ ರಾಕೆಟ್ ಚೌಕಟ್ಟಿನ ಹೊರಗೆ ಹೋಗಿತ್ತು. ನನಗೆ ಉಳಿದದ್ದು ಮುಸುಕು ಮುಸುಕಾದ ಹಳದಿ ಉಂಡೆಗಳ ಒಂದು ಸಾಲು. ಈಗ ಮಾಡುವುದು ಹೀಗೆ: ಬೆಳಕಿರುವಾಗಲೇ ದೂರದ ಒಂದು ಗೋಪುರಕ್ಕೋ ದೀಪಕ್ಕೋ ಫೋಕಸ್ ಮಾಡಿ, ಆಟೊ ತೆಗೆದುಬಿಡುತ್ತೇನೆ. ಆಮೇಲೆ ಲೆನ್ಸಿನ ಉಂಗುರದ ಮೇಲೆ ಒಂದು ತುಂಡು ಟೇಪ್ ಅಂಟಿಸುತ್ತೇನೆ. ಹತ್ತು ರೂಪಾಯಿಯ ಟೇಪ್, ಅಷ್ಟೇ.

ಗ್ಯಾಲರಿಯಲ್ಲಿ ಮೇಲಿನ ಮೆಟ್ಟಿಲು ಹಿಡಿಯಿರಿ. ಕೂತಿದ್ದಾಗ ಎಲ್ಲ ಚೆನ್ನಾಗಿ ಕಾಣುತ್ತದೆ. ಕೌಂಟ್‌ಡೌನ್ ಸೊನ್ನೆಗೆ ಬಂದಾಗ ಮುಂದಿನವರೆಲ್ಲ ಒಟ್ಟಿಗೆ ಎದ್ದು ನಿಲ್ಲುತ್ತಾರೆ, ಎಲ್ಲರ ಕೈಯಲ್ಲೂ ಫೋನು. ಅವರ ತಪ್ಪಲ್ಲ, ನೀವೂ ಏಳುತ್ತೀರಿ. ಟ್ರೈಪಾಡ್ ಇಲ್ಲದಿದ್ದರೂ ನಡೆಯುವ ಹಾಗೆ ಮನೆಯಲ್ಲೇ ಅಭ್ಯಾಸ ಮಾಡಿಕೊಳ್ಳಿ. ಎರಡೂ ಮೊಣಕೈ ಪಕ್ಕೆಗೆ ಒತ್ತಿ, ಉಸಿರು ಹಿಡಿದು, ಬೀದಿಯ ತೆಂಗಿನ ಮರದ ಬುಡದಿಂದ ತುದಿಯ ತನಕ ಕ್ಯಾಮೆರಾ ಏರಿಸಿ. ಹತ್ತು ಸಲ ಮಾಡಿದರೆ ಕೈಗೆ ಬರುತ್ತದೆ.

ಒಂದೊಂದು ರಾಕೆಟ್ಟಿನ ಗುಣ ಒಂದೊಂದು. ಪಿಎಸ್‌ಎಲ್‌ವಿ ಹೊತ್ತಿದ್ದೇ ಹೊರಟಿತು, ಕಾಯುವುದಿಲ್ಲ. ಜಿಎಸ್‌ಎಲ್‌ವಿಯಲ್ಲಿ ಪಕ್ಕದ ನಾಲ್ಕು ದ್ರವ ಎಂಜಿನ್‌ಗಳು ಸೊನ್ನೆಗೆ 4.8 ಸೆಕೆಂಡ್ ಇರುವಾಗಲೇ ಹೊತ್ತುತ್ತವೆ. ರಾಕೆಟ್ ಮಾತ್ರ ಅಲ್ಲೇ ನಿಂತಿರುತ್ತದೆ. ಅದನ್ನು ನೋಡಿ ಒಂದೇ ಸಮ ಕ್ಲಿಕ್ಕಿಸುತ್ತಾ ಹೋದರೆ ನಿಜವಾಗಿ ಏಳುವ ಹೊತ್ತಿಗೆ ಕ್ಯಾಮೆರಾದ ಬಫರ್ (ತಾತ್ಕಾಲಿಕ ಮೆಮೊರಿ) ತುಂಬಿ ನಿಂತುಬಿಡುತ್ತದೆ. ಎಲ್‌ವಿಎಂ3ರಲ್ಲಿ ನೆಲದ ಮೇಲೆ ಹೊತ್ತುವುದು ಪಕ್ಕದ ಎರಡು ದೊಡ್ಡ ಘನ ಇಂಧನದ ಬೂಸ್ಟರ್‌ಗಳು ಮಾತ್ರ. ನಡುವಿನ ಎಂಜಿನ್ ಹೊತ್ತುವುದು ಸುಮಾರು ಎರಡು ನಿಮಿಷದ ಹೊತ್ತಿಗೆ, ಆಕಾಶದಲ್ಲಿ. 640 ಟನ್ ತೂಕದ ರಾಕೆಟ್ ನಿಧಾನ ಏಳುತ್ತದೆ ಎಂದುಕೊಳ್ಳಬೇಡಿ, ನೋಡುನೋಡುತ್ತಲೇ ಗೋಪುರ ದಾಟಿರುತ್ತದೆ.

ಸದ್ದು ಆಮೇಲೆ ಬರುತ್ತದೆ. ಒಂದು ಕಿಲೋಮೀಟರಿಗೆ ಮೂರು ಸೆಕೆಂಡ್ ಲೆಕ್ಕ. 7 ಕಿ.ಮೀ. ದೂರದಲ್ಲಿದ್ದರೆ ಇಪ್ಪತ್ತು ಸೆಕೆಂಡ್. ಬೆಂಕಿ ಕಾಣುತ್ತದೆ, ರಾಕೆಟ್ ಏರುತ್ತದೆ, ಸದ್ದೇ ಇಲ್ಲ. ಜನರ ಚಪ್ಪಾಳೆ ಮಾತ್ರ. ಆಮೇಲೆ ಎದೆಗೇ ಬಡಿದ ಹಾಗೆ ಬರುತ್ತದೆ. ಆ ಕ್ಷಣಕ್ಕೆ ಕೈ ನಡುಗುವುದು ಸಹಜ. ಮುಖ್ಯ ಚಿತ್ರಗಳನ್ನು ಸದ್ದು ಬರುವುದರೊಳಗೆ ತೆಗೆದು ಮುಗಿಸಿ. ಸದ್ದು ಬಂದಾಗ ಕ್ಯಾಮೆರಾ ಇಳಿಸಿ ಸುಮ್ನೆ ನೋಡಿ.

ರಾತ್ರಿಯಾದರೆ ಒಂದೇ ಚಿತ್ರ ಸಾಕು

ರಾತ್ರಿ ಉಡಾವಣೆ ಮೊದಲ ಸಲದವರಿಗೂ ಒಲಿಯುತ್ತದೆ. ದೂರವೂ ಅಡ್ಡಿಯಲ್ಲ. 24 ಮಿ.ಮೀ. ಅಥವಾ ಅದಕ್ಕಿಂತ ಅಗಲದ ಲೆನ್ಸ್, ಕ್ಯಾಮೆರಾ ನೆಟ್ಟಗೆ ಉದ್ದಕ್ಕೆ, ಟ್ರೈಪಾಡ್ ಗಟ್ಟಿಯಾಗಿರಲಿ. ಐಎಸ್‌ಒ 100, ಎಫ್/11ರಿಂದ ಎಫ್/16. ಶಟರ್ ಬಲ್ಬ್‌ನಲ್ಲಿ (ಒತ್ತಿಹಿಡಿದಷ್ಟು ಹೊತ್ತು ತೆರೆದಿರುವ ಬಗೆ), ರಿಮೋಟ್ ಕೈಯಲ್ಲಿ. ಬೆಂಕಿ ಕಂಡ ತಕ್ಷಣ ತೆರೆಯಿರಿ. ಪಿಎಸ್‌ಎಲ್‌ವಿಯ ಮೊದಲ ಹಂತ ಉರಿಯುವುದು ಸುಮಾರು 110 ಸೆಕೆಂಡ್. ಅದಾದ ಮೇಲಿನ ದ್ರವ ಇಂಧನದ ಹಂತದ ಬೆಳಕು ಮಂದ, ಗೆರೆಗೆ ಹೆಚ್ಚೇನೂ ಸೇರುವುದಿಲ್ಲ. ನೂರರ ಆಸುಪಾಸು ಎಣಿಸಿ ಮುಚ್ಚಿಬಿಡಿ. ಪ್ಯಾಡಿನಿಂದ ಎದ್ದು ಬಾಗಿ ಹೋದ ಒಂದೇ ಚಿನ್ನದ ಗೆರೆ ಸಿಗುತ್ತದೆ. ಮುಂದೆ ನೀರಿದ್ದರೆ ಅದರಲ್ಲಿ ಇನ್ನೊಂದು.

ಗಂಟೆ ಕೊನೆಯ ಹೊತ್ತಿನಲ್ಲೂ ಬದಲಾಗುತ್ತದೆ. 2024ರ ಡಿಸೆಂಬರ್ 30ರ ಸ್ಪೇಡೆಕ್ಸ್ (ಬಾಹ್ಯಾಕಾಶದಲ್ಲಿ ಎರಡು ಉಪಗ್ರಹ ಜೋಡಿಸುವ ಪ್ರಯೋಗ) ಉಡಾವಣೆಯನ್ನು ರಾತ್ರಿ 9:58ರಿಂದ 10 ಗಂಟೆಗೆ ಮುಂದೂಡಿದರು. ಬರೀ ಎರಡು ನಿಮಿಷ. ಮೊದಲೇ ಟೈಮರ್ ಇಟ್ಟು ಶಟರ್ ತೆರೆದವರಿಗೆ ಕತ್ತಲಷ್ಟೇ ಸಿಕ್ಕೀತು. ಗಡಿಯಾರ ನೋಡಿ ಒತ್ತಬೇಡಿ, ಬೆಂಕಿ ನೋಡಿ ಒತ್ತಿ. ಇಸ್ರೊ ನೇರಪ್ರಸಾರವನ್ನೂ ನಂಬಬೇಡಿ, ಫೋನಿಗೆ ಅದು ಹಲವು ಸೆಕೆಂಡ್ ತಡವಾಗಿ ಬರುತ್ತದೆ.

ಫೋನ್ ಮಾತ್ರ ಇದ್ದರೆ

ವಿಡಿಯೊ ಮಾಡಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲದಿದ್ದರೆ ಅದೇ ಕ್ಷಣಕ್ಕೆ ಮನೆಯಿಂದ ಕರೆ ಬರುತ್ತದೆ. ಪ್ಯಾಡಿನ ಕಡೆ ಪರದೆಯನ್ನು ಒತ್ತಿಹಿಡಿದು ಫೋಕಸ್ ಬೀಗ ಹಾಕಿ, ಬೆಳಕಿನ ಗುರುತನ್ನು ಕೆಳಗೆ ಎಳೆಯಿರಿ. ಜೂಮ್ ಬೇಡ. ನೆಟ್ಟಗೆ ಹಿಡಿದು, ಪ್ಯಾಡನ್ನು ಕೆಳಗಿನ ಅಂಚಿಗೆ ಇಟ್ಟು, ಮೇಲೆ ಆಕಾಶ ಬಿಡಿ. ಆಮೇಲೆ ಪರದೆ ನೋಡುತ್ತಾ ಕೂರಬೇಡಿ. ಮೊದಲ ಉಡಾವಣೆಯನ್ನು ಕಣ್ಣಲ್ಲೇ ನೋಡಬೇಕು.

ಕ್ಯಾಮೆರಾ ತಿರುಗಿಸಬಾರದ ಕಡೆಗಳು

ಈ ಭಾಗ ನನಗೆ ಎಲ್ಲಕ್ಕಿಂತ ಮುಖ್ಯ. ನಿಧಾನವಾಗಿ ಓದಿ.

1923ರ ಅಧಿಕೃತ ರಹಸ್ಯ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಅದರಲ್ಲಿ ನಿಷೇಧಿತ ಸ್ಥಳ ಎಂಬ ಮಾತಿದೆ. ಸೇನೆ, ನೌಕಾಪಡೆ, ವಾಯುಪಡೆಯ ನೆಲೆಗಳು, ಶಸ್ತ್ರಾಗಾರ, ಹಡಗುಕಟ್ಟೆ ಎಲ್ಲ ಅದರೊಳಗೆ ಬರುತ್ತವೆ. ಸರ್ಕಾರ ಆದೇಶ ಹೊರಡಿಸಿ ಬೇರೆ ಜಾಗಗಳನ್ನೂ ಸೇರಿಸಬಹುದು. ಸ್ಕೆಚ್ ಎಂದು ಕಾಯ್ದೆ ಹೇಳುವಲ್ಲೆಲ್ಲ ಫೋಟೊ ಕೂಡ ಸೇರಿದೆ. ದೇಶದ ಸುರಕ್ಷತೆಗೆ ಧಕ್ಕೆ ತರುವ ಉದ್ದೇಶದಿಂದ ಅಂಥ ಜಾಗದ ಹತ್ತಿರ ಸುಳಿಯುವುದು, ಚಿತ್ರ ತೆಗೆಯುವುದು ಅಪರಾಧ. ರಕ್ಷಣಾ ನೆಲೆಗೆ ಸಂಬಂಧಿಸಿದ್ದಾದರೆ 14 ವರ್ಷದ ತನಕ ಜೈಲು. ನಮ್ಮ ಉದ್ದೇಶ ಅದಲ್ಲ, ನಿಜ. ಆದರೆ ಅದನ್ನು ಠಾಣೆಯಲ್ಲಿ ಕೂತು ವಿವರಿಸುವ ಪಾಡು ಯಾರಿಗೂ ಬೇಡ.

ಹಾಗಾಗಿ ಶ್ರೀಹರಿಕೋಟಾಗೆ ಹೋದಾಗ ಗೇಟು, ಚೆಕ್‌ಪೋಸ್ಟ್, ಸಿಐಎಸ್‌ಎಫ್ ಕಾವಲು, ಬೇಲಿ, ಒಳಗೆ ಹೋಗುವ ಟ್ರಕ್ಕುಗಳು, ಯಾವುದರ ಚಿತ್ರವೂ ಬೇಡ. ಬಸ್ಸಿನ ಕಿಟಕಿಯಿಂದಲೂ ಬೇಡ. ಗ್ಯಾಲರಿಯಲ್ಲಿ ಬಿಟ್ಟ ಕಡೆಗೆ ಮಾತ್ರ ಕ್ಯಾಮೆರಾ.

ನನಗೊಮ್ಮೆ ಆಗಿದ್ದು ಹೇಳುತ್ತೇನೆ. ಬೇರೊಂದು ಊರಿನಲ್ಲಿ, ರಸ್ತೆ ಪಕ್ಕದ ಕೆರೆಯಲ್ಲಿ ಹಕ್ಕಿ ನೋಡಿ ಕಾರು ನಿಲ್ಲಿಸಿದೆ. ಉದ್ದ ಲೆನ್ಸ್ ಹಾಕಿ ಎರಡು ನಿಮಿಷ ತೆಗೆದಿರಬಹುದು. ಹಿಂದಿನಿಂದ ಒಬ್ಬ ಯೋಧ ಬಂದು, ಏನು ತೆಗೆಯುತ್ತಿದ್ದೀರಿ ತೋರಿಸಿ ಎಂದರು. ಕೆರೆಯಾಚೆ ಉದ್ದಕ್ಕೂ ಒಂದು ಗೋಡೆ, ಅದರ ಮೇಲೆ ಮುಳ್ಳುತಂತಿ. ನಾನು ಹಕ್ಕಿಯನ್ನಷ್ಟೇ ನೋಡಿದ್ದೆ, ಗೋಡೆ ನೋಡಿರಲಿಲ್ಲ. ಚಿತ್ರಗಳಲ್ಲಿ ಹಕ್ಕಿಯ ಹಿಂದೆ ಕಾವಲುಗೋಪುರ ಚೆನ್ನಾಗಿ ಬಂದಿತ್ತು. ಕ್ಷಮೆ ಕೇಳಿದೆ, ಗುರುತಿನ ಚೀಟಿ ತೋರಿಸಿದೆ, ಅವರ ಎದುರಿಗೇ ಅಳಿಸಿದೆ. ಅವರು ಒರಟಾಗಿ ಮಾತಾಡಲಿಲ್ಲ. ಆದರೆ ಹಿಂದೆ ಬರುವಾಗ ಸ್ಟೀರಿಂಗ್ ಹಿಡಿದ ಕೈ ಇನ್ನೂ ನಡುಗುತ್ತಿತ್ತು. ಅಂದಿನಿಂದ ಕ್ಯಾಮೆರಾ ಎತ್ತುವ ಮುಂಚೆ ಹಿನ್ನೆಲೆ ನೋಡುತ್ತೇನೆ, ಫಲಕ ಹುಡುಕುತ್ತೇನೆ.

ಯಾರಾದರೂ ತಡೆದರೆ ನೀವೂ ಅಷ್ಟೇ ಮಾಡಿ. ವಾದ ಬೇಡ, ಓಡುವುದಂತೂ ಬೇಡವೇ ಬೇಡ.

ಗೂಗಲ್ ಮ್ಯಾಪಿನಲ್ಲೇ ಎಲ್ಲ ಕಾಣುತ್ತಲ್ವಾ, ನಾವು ತೆಗೆದರೆ ಏನು ಎಂದು ಕೇಳುವವರಿದ್ದಾರೆ. ಮೇಲಿನಿಂದ ತೆಗೆದ ಆ ಚಿತ್ರ ಎಷ್ಟೋ ತಿಂಗಳ ಹಳೆಯದಿರುತ್ತದೆ. ಅದರಲ್ಲಿ ಕಟ್ಟಡದ ಚಾವಣಿ ಕಾಣುತ್ತದೆ. ನೆಲದಿಂದ ತೆಗೆದ ಇಂದಿನ ಚಿತ್ರದಲ್ಲಿ ಕಾವಲಿಗೆ ಎಷ್ಟು ಜನ, ಯಾವ ಗಂಟೆಗೆ ಪಾಳಿ ಬದಲು, ಯಾವ ಗೇಟು ತೆರೆದಿದೆ, ಯೋಧರ ಮುಖ ಯಾವುದು, ಎಲ್ಲ ಕಾಣುತ್ತದೆ. ಎರಡೂ ಒಂದೇ ಅಲ್ಲ. 2008ರ ನವೆಂಬರಿನಲ್ಲಿ ಮುಂಬೈ ದಾಳಿಯ ಹೊತ್ತಿನಲ್ಲಿ ಕಮಾಂಡೊಗಳ ಚಲನವಲನ ಟಿವಿಯಲ್ಲಿ ನೇರವಾಗಿ ಬಿತ್ತರವಾಯಿತು. ಅದನ್ನು ಸುಪ್ರೀಂ ಕೋರ್ಟ್ 2012ರ ಕಸಬ್ ತೀರ್ಪಿನಲ್ಲಿ ಕಟುವಾಗಿ ಟೀಕಿಸಿತು. ಇಂದು ಪ್ರತಿಯೊಬ್ಬರ ಜೇಬಿನಲ್ಲೂ ಒಂದು ನೇರಪ್ರಸಾರದ ವಾಹಿನಿ ಇದೆ. ಸೇನೆಯ ವಾಹನಗಳ ಸಾಲು ಹೆದ್ದಾರಿಯಲ್ಲಿ ಕಂಡರೆ ಕೈ ಬೀಸಿ, ಸೆಲ್ಯೂಟ್ ಹೊಡೆಯಿರಿ. ವಿಡಿಯೊ ಬೇಡ.

ಡ್ರೋನ್ ಬಗ್ಗೆ ಎರಡೇ ಮಾತು. 2021ರ ಡ್ರೋನ್ ನಿಯಮದಲ್ಲಿ ಕೆಂಪು, ಹಳದಿ, ಹಸಿರು ವಲಯಗಳಿವೆ, ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿಕೊಳ್ಳಬಹುದು. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವ ಹಾಗಿಲ್ಲ. ಉಡಾವಣೆಗೆ ಹೋಗುವಾಗ ಡ್ರೋನನ್ನು ಮನೆಯಲ್ಲೇ ಬಿಡಿ.

ವಿಮಾನದ ಕಿಟಕಿಯೂ ಇದೇ ಲೆಕ್ಕ. ಬೀದರ್, ಪುಣೆಯಂಥ ಕಡೆ ನಾಗರಿಕ ವಿಮಾನ ಇಳಿಯುವುದು ವಾಯುಪಡೆಯ ನೆಲೆಯಲ್ಲೇ. ಗೋವಾದ ದಾಬೋಲಿಂ ನೌಕಾಪಡೆಯದು. ಅಲ್ಲಿ ಇಳಿಯುವಾಗ, ಏರುವಾಗ ಫೋನ್ ಜೇಬಿನಲ್ಲಿರಲಿ.

ಮನಸಾರೆ ತೆಗೆಯಬಹುದಾದ ಕಡೆಗಳು

ಇಷ್ಟೆಲ್ಲ ಬೇಡ ಎಂದ ಮೇಲೆ ಎಲ್ಲಿ ತೆಗೆಯಬಹುದು ಎಂದೂ ಹೇಳಬೇಕಲ್ಲ.

ಏರೋ ಇಂಡಿಯಾ ವಿಮಾನ ಪ್ರದರ್ಶನ ನಮ್ಮ ಮನೆಬಾಗಿಲಿನ ಹಬ್ಬ. 1996ರಿಂದ ಯಲಹಂಕ ವಾಯುನೆಲೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಉಳಿದ ದಿನ ಕ್ಯಾಮೆರಾ ತೋರಿಸಲೂ ಆಗದ ನೆಲೆ ಅದು. ಆ ಐದು ದಿನ ಟಿಕೆಟ್ ತೆಗೆದುಕೊಂಡು ಹೋಗಿ, ಬಿಟ್ಟ ಜಾಗದಲ್ಲಿ ನಿಂತು ಎಷ್ಟು ಬೇಕಾದರೂ ತೆಗೆಯಬಹುದು. 2025ರ ಫೆಬ್ರುವರಿಯಲ್ಲಿ ರಷ್ಯಾದ ಸುಖೋಯ್-57, ಅಮೆರಿಕದ ಎಫ್-35 ಎರಡೂ ಒಂದೇ ಕಡೆ ಬಂದಿದ್ದವು. ಜೆಟ್ಟಿಗೆ ಶಟರ್ ಸೆಕೆಂಡಿನ 1000ನೇ ಭಾಗಕ್ಕಿಂತ ವೇಗವಾಗಿರಲಿ. ಹೆಲಿಕಾಪ್ಟರಿಗೆ 200ರ ಆಸುಪಾಸಿಗೆ ಇಳಿಸಿ. ಇಲ್ಲದಿದ್ದರೆ ರೆಕ್ಕೆ ತಿರುಗದೆ ನಿಂತ ಹಾಗೆ ಬಂದು, ಆಟಿಕೆಯನ್ನು ದಾರದಲ್ಲಿ ತೂಗುಹಾಕಿದಂತೆ ಕಾಣುತ್ತದೆ.

ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಎಚ್‌ಎಎಲ್‌ನ ವಿಮಾನ ಸಂಗ್ರಹಾಲಯ ಒಳ್ಳೆಯದು. ನಮ್ಮದೇ ಮಾರುತ್ ಯುದ್ಧವಿಮಾನವನ್ನು ಕೈಗೆಟಕುವ ದೂರದಲ್ಲಿ ನೋಡಬಹುದು. ಕಾರವಾರದಲ್ಲಿ ನೌಕಾನೆಲೆಯ ಕಡೆ ಲೆನ್ಸ್ ತಿರುಗಿಸಬೇಡಿ, ಅದರ ಬದಲು ಟ್ಯಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ಹಳೆಯ ಯುದ್ಧನೌಕೆ ಐಎನ್‌ಎಸ್ ಚಪಲ್ ಹತ್ತಿ. ಶ್ರೀಹರಿಕೋಟಾದ ಗ್ಯಾಲರಿಯ ಹತ್ತಿರವೇ ಸಂಗ್ರಹಾಲಯ, ರಾಕೆಟ್ ಉದ್ಯಾನ ಇವೆ. ಅಲ್ಲಿ ನಿಂತ ರಾಕೆಟ್ ಮಾದರಿಯ ಬುಡದಲ್ಲಿ ಒಂದು ಮಗುವನ್ನು ನಿಲ್ಲಿಸಿ ತೆಗೆಯಿರಿ, ಎತ್ತರ ಎಷ್ಟೆಂದು ಆಗ ಗೊತ್ತಾಗುತ್ತದೆ. ಅಮೆರಿಕದಲ್ಲಿರುವ ನಮ್ಮವರಿಗೆ ಫ್ಲಾರಿಡಾದಲ್ಲಿ ಈ ಕಷ್ಟ ಕಡಿಮೆ. ಟೈಟಸ್‌ವಿಲ್ ಊರಿನ ನದೀದಂಡೆ, ಸುತ್ತಲಿನ ಕಡಲತೀರಗಳಿಂದಲೇ ಚೆನ್ನಾಗಿ ಕಾಣುತ್ತದೆ.

ಹಾರಿದ ಮೇಲೆ

ರಾಕೆಟ್ ಕಣ್ಮರೆಯಾದ ಮೇಲೂ ಹತ್ತು ನಿಮಿಷ ಅಲ್ಲೇ ಇರಿ. ಮೇಲಿನ ಗಾಳಿ ಹೊಗೆಯನ್ನು ಹಿಡಿದು ತಿರುಚುತ್ತದೆ, ನೆಟ್ಟಗಿದ್ದ ಗೆರೆ ನಿಧಾನಕ್ಕೆ ಹಾವಿನಂತೆ ಆಗುತ್ತದೆ. ಆಮೇಲೆ ತಿರುಗಿ ಜನರನ್ನು ನೋಡಿ. ಅಪ್ಪನ ಹೆಗಲ ಮೇಲಿನ ಮಗು, ಕಣ್ಣೊರೆಸಿಕೊಳ್ಳುವ ಅಜ್ಜಿ. ಕೇಳಿ ತೆಗೆದರೆ ಯಾರೂ ಬೇಡ ಎನ್ನುವುದಿಲ್ಲ.

ಹಂಚಿಕೊಳ್ಳುವ ಮುಂಚೆ ಪ್ರತಿ ಚಿತ್ರದ ನಾಲ್ಕೂ ಮೂಲೆ ನೋಡಿ. ಕಾವಲಿನವರೋ ಗೇಟೋ ತಪ್ಪಿ ಬಂದಿದ್ದರೆ ಅಳಿಸಿ. ಫೋಟೊದೊಳಗೆ ಜಾಗದ ಗುರುತು ಅಂಟಿಕೊಂಡಿರುತ್ತದೆ, ಅದನ್ನು ತೆಗೆದು ಕಳಿಸಿ. ಇಸ್ರೊ ಬಿಡುಗಡೆ ಮಾಡಿದ ಚಿತ್ರವನ್ನು ನಿಮ್ಮದೆಂದು ಹಾಕಬೇಡಿ.

ಕೊನೆಯ ಕೆಲಸ, ಬಹಳ ಜನ ಮಾಡದ್ದು. ಚಿತ್ರದ ಕೆಳಗೆ ವಿವರ ಬರೆಯಿರಿ. ಎತ್ತಿನ ಗಾಡಿಯ ಮೇಲೆ ಕೂತ, ಇಸ್ರೊದ ಆಪಲ್ ಉಪಗ್ರಹದ ಚಿತ್ರ ನೀವು ನೋಡಿರುತ್ತೀರಿ. ಬೆಂಗಳೂರಿನಲ್ಲಿ ತೆಗೆದದ್ದು. ಅದನ್ನು ನೋಡಿ ಬಡತನ ಎಂದುಕೊಂಡವರೇ ಹೆಚ್ಚು. ಆಂಟೆನಾ ಪರೀಕ್ಷೆಗೆ ಲೋಹದ ವಾಹನ ಅಡ್ಡಿಯಾಗುತ್ತದೆ, ಮರದ ಗಾಡಿ ಆಗುವುದಿಲ್ಲ ಎಂಬ ಕಾರಣಕ್ಕೆ ಗಾಡಿ ತರಿಸಿದ್ದರು. ಆ ಉಪಗ್ರಹ 1981ರ ಜೂನ್ 19ರಂದು ಹಾರಿತು. ಜೊತೆಗೆ ಎರಡು ಸಾಲು ಬರಹ ಇದ್ದಿದ್ದರೆ ಆ ತಪ್ಪು ತಿಳಿವಳಿಕೆ ಇಷ್ಟು ವರ್ಷ ಓಡಾಡುತ್ತಿರಲಿಲ್ಲ. ನಾನು ಫೈಲಿನ ಹೆಸರಿನಲ್ಲೇ ನಾಲ್ಕು ವಿಷಯ ಬರೆದಿಡುತ್ತೇನೆ: ರಾಕೆಟ್ಟಿನ ಹೆಸರು, ದಿನಾಂಕ, ಹಾರಿದ ಗಂಟೆ, ನಾನು ನಿಂತಿದ್ದ ಜಾಗ.